ಔಷಧ ವಿಜ್ಞಾನ ಓದಬಯಸುವ ನಮ್ಮ ಮಕ್ಕಳಿಗೆ

ನೆರೆಯ ಬಳ್ಳಾರಿ ಜಿಲ್ಲೆಯ ಮಕ್ಕಳಿಗೆ ವೃತ್ತಿಶಿಕ್ಷಣದಲ್ಲಿ 371-ಜೆ ವಿಧಿಯನ್ವಯ 2013ರಿಂದ ಮೀಸಲು ಸ್ಥಾನಗಳಿವೆ. ಗಡಿಯ ಈಚೆಗಿರುವ ಮೊಳಕಾಲ್ಮೂರು, ಚಳ್ಳಕೆರೆಗಳಿಗೆ ಅದಿಲ್ಲ. ಬಿಸಿಲು ಮಾತ್ರ ಎರಡೂ ಕಡೆ ಒಂದೇ! ಆದ್ದರಿಂದ ಇರುವ ಸೌಲಭ್ಯಗಳನ್ನಾದರೂ ನಮ್ಮ ಪೋಷಕರು ಕೈಬಿಡಬಾರದು.

ನಾಲ್ಕು ವರ್ಷಗಳ ಬಿ.ಫಾರ್ಮಾ ಪದವಿಗೆ ಪ್ರವೇಶ ಸಿ.ಇ.ಟಿ. ಮೂಲಕ. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರಗಳೊಂದಿಗೆ ಗಣಿತ ಅಥವಾ ಜೀವಶಾಸ್ತ್ರವಿದ್ದರೆ ಸಾಕು. ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯಲ್ಲೇ ಓದಿದವರಿಗೆ ಗ್ರಾಮೀಣ ಮೀಸಲಾತಿಯೂ, ಕನ್ನಡದಲ್ಲೇ ಓದಿದವರಿಗೆ ಕನ್ನಡ ಮಾಧ್ಯಮ ಮೀಸಲಾತಿಯೂ ಉಂಟು. ಶಾಲೆಯ ದೃಢೀಕರಣವನ್ನು ಈಗಲೇ ಪಡೆದಿಡಿ.

ಕ್ರೈಸ್ತರು 3ಬಿ ಪ್ರವರ್ಗಕ್ಕೆ ಸೇರುತ್ತಾರೆ. ಆದರೆ ಗುರುಗಳು ನೀಡುವ ದೀಕ್ಷಾಸ್ನಾನದ ಪತ್ರ ಅಲ್ಲಿ ನಡೆಯದು. ತಹಸೀಲ್ದಾರರ ಜಾತಿ ಮತ್ತು ಆದಾಯ ಪ್ರಮಾಣಪತ್ರವೇ ಬೇಕು. ಅದರಲ್ಲಿರುವ ಆರ್.ಡಿ. ಸಂಖ್ಯೆಯನ್ನು ಸಿ.ಇ.ಟಿ. ಅರ್ಜಿಯಲ್ಲೇ ತುಂಬಬೇಕಾಗುತ್ತದೆ.