ತಪ್ಪಿದವರನ್ನು ತಿದ್ದುವ ಬಗೆ

(ಮೇ 1: ಶ್ರಮಿಕ ಸಂತ ಜೋಸೆಫರ ಹಬ್ಬ)



ದುಡಿಯುವವರ ಗೌರವಕ್ಕಾಗಿ ಜಗದ್ಗುರು ಹನ್ನೆರಡನೆಯ ಪಯಸ್‌ರವರು 1955ರಲ್ಲಿ ಈ ಹಬ್ಬವನ್ನು ಸ್ಥಾಪಿಸಿದರು. ಇಂದು ದುಡಿಸಿಕೊಳ್ಳುವವರೂ ಆತ್ಮಶೋಧನೆ ಮಾಡಿಕೊಳ್ಳಬೇಕು.

ನಮ್ಮ ಹಿರೇಕೆರೂರು ಸೀಮೆಯ ಹತ್ತಿ ಬೀಜೋತ್ಪಾದನೆಯನ್ನೇ ನೋಡಿ. ಮಧ್ಯಾಹ್ನದ ಮೇಲೆ ಮೊಗ್ಗಿನ ಕೇಸರ ತೆಗೆದು, ಮರುದಿನ ಬೆಳಿಗ್ಗೆ ಗಂಡು ಹೂವಿನ ಪರಾಗ ಮುಟ್ಟಿಸಬೇಕು. ಕೂಲಿಗೆ ಬಂದ ಹೆಣ್ಣುಮಗಳು ಕೆಲವು ಮೊಗ್ಗು ಬಿಟ್ಟರೂ ಬೀಜ ಬೆರಕೆಯಾಗುತ್ತದೆ. ಹೊಲದವರಿಗೆ ಸಿಟ್ಟು ಬರುವುದು ಸಹಜ. ಆದರೆ ಎಲ್ಲರೆದುರು ಬೈದು ಕೂಲಿ ಹಿಡಿದರೆ ತಪ್ಪು ನಿಲ್ಲುವುದಿಲ್ಲ. ತಪ್ಪನ್ನು ಮುಚ್ಚಿಡುವುದು ಶುರುವಾಗುತ್ತದೆ.

ಯೇಸುಸ್ವಾಮಿ ಬೇರೆ ದಾರಿ ತೋರುತ್ತಾರೆ (ಮತ್ತಾಯ 18:15-17). ಮೊದಲು ಇಬ್ಬರೇ ಇರುವಾಗ ಮಾತು, ಆಮೇಲೆ ಒಬ್ಬಿಬ್ಬರ ಸಾಕ್ಷಿ, ಕೊನೆಗೆ ಸಭೆ. ಗುರಿ ಸೋದರನನ್ನು ಗೆದ್ದುಕೊಳ್ಳುವುದು.

ಜಾನ್ ಹ್ಯೂಬರ್ಮನ್ ಎಂಬುವರು 1964ರಲ್ಲಿ ಪ್ಲೈವುಡ್ ಕಾರ್ಖಾನೆಯೊಂದರ ಇಂಥದೇ ಪದ್ಧತಿಯನ್ನು ವಿವರಿಸಿದರು. ಅಲ್ಲಿ ದಂಡವಿಲ್ಲ. ಮೊದಲು ಸ್ನೇಹದಿಂದ ನೆನಪಿಸುವುದು, ನಂತರ ಖಾಸಗಿ ಮಾತುಕತೆ. ಆಗಲೂ ತಿದ್ದಿಕೊಳ್ಳದವನನ್ನು ಪೂರ್ತಿ ಸಂಬಳದೊಂದಿಗೇ ಮನೆಗೆ ಕಳಿಸುತ್ತಿದ್ದರು: ನಿಯಮದಂತೆ ದುಡಿಯುವೆಯೋ, ಬಿಡುವೆಯೋ, ಯೋಚಿಸಿ ಬಾ ಎಂದು. ಮತ್ತೂ ತಪ್ಪಿದರೆ ಕೆಲಸ ಹೋಗುತ್ತಿತ್ತು. ಇದು ಸಡಿಲತನವಲ್ಲ, ತೀರ್ಮಾನದ ಹೊಣೆಯನ್ನು ಅವನ ಕೈಗೇ ಕೊಡುವುದು.

ನಾವೂ ಮೊದಲು ಕಾರಣ ಕೇಳೋಣ. ಮನೆಯಲ್ಲಿ ಮಗುವಿಗೆ ಜ್ವರವೋ? ಕಣ್ಣು ಮಂಜೋ? ಕೆಲಸ ಸರಿಯಾಗಿ ಕಲಿಸಿದ್ದೇವೆಯೋ?

ಸಭೆಗೂ ಕಿವಿಗೊಡದವನನ್ನು ಸುಂಕದವನಂತೆ ಎಣಿಸಬೇಕೆಂದರು ಯೇಸು. ಆದರೆ ಸುಂಕದ ಕಟ್ಟೆಯಲ್ಲಿದ್ದ ಮತ್ತಾಯನನ್ನು ಕರೆದವರೂ ಅವರೇ. ಆ ತಾಳ್ಮೆಯನ್ನು ಸಂತ ಜೋಸೆಫರು ನಮಗೆ ಬೇಡಿಕೊಡಲಿ.