ಕ್ರೈಸ್ತರ ತಪಸ್ಸುಕಾಲ

ಕ್ರೈಸ್ತಮತದಲ್ಲಿ ಈಸ್ಟರ್ ಹಬ್ಬಕ್ಕೆ ಮುಂಚೆ 40 ದಿನಗಳ ವ್ರತವೊಂದುಂಟು. ಕನ್ನಡ ಕ್ರೈಸ್ತರು ಇದನ್ನು ತಪಸ್ಸುಕಾಲವೆಂದು ಕರೆಯುತ್ತಾರೆ. ಶಾಸ್ತ್ರ ಒಂದನ್ನು ವಿಧಿಸುತ್ತದೆ, ಹಸಿವು ಇನ್ನೊಂದನ್ನು ಬೇಡುತ್ತದೆ. ಇವೆರಡರ ನಡುವಣ ವ್ಯವಹಾರವೇ ಈ ವ್ರತದ ಚರಿತ್ರೆಯೆಂದರೆ ತಪ್ಪಾಗಲಾರದು.

ಆದಿಯಲ್ಲಿ 40 ದಿನಗಳ ಕಟ್ಟಳೆಯೇ ಇರಲಿಲ್ಲ. ಕೆಲವರು ಒಂದು ದಿನ, ಕೆಲವರು ಎರಡು ದಿನ, ಇತರರು ಇನ್ನೂ ಹೆಚ್ಚು ಕಾಲ ಉಪವಾಸವಿರುತ್ತಿದ್ದರೆಂದು 2ನೆಯ ಶತಮಾನದ ಕೊನೆಯಲ್ಲಿ ಲಿಯೋನ್ಸಿನ ಧರ್ಮಾಧ್ಯಕ್ಷ ಐರಿನೇಯಸನು ಬರೆದಿದ್ದಾನೆ. 325ರಲ್ಲಿ ನೈಸಿಯಾದಲ್ಲಿ ನೆರೆದ ಧರ್ಮಸಭೆಯ ವಿಧಿಗಳಲ್ಲಿ 'ನಲವತ್ತು' ಎಂಬ ಹೆಸರು ಬರುತ್ತದೆ. ಯೇಸುಕ್ರಿಸ್ತನು ಅಡವಿಯಲ್ಲಿ 40 ದಿನ ಉಪವಾಸವಿದ್ದುದೇ ಈ ಸಂಖ್ಯೆಗೆ ಆಧಾರ. ಆದರೆ ಭಾನುವಾರಗಳಲ್ಲಿ ಉಪವಾಸ ನಿಷಿದ್ಧ. ಆರು ವಾರಗಳಿಗೆ 36 ದಿನ ಮಾತ್ರವಾಯಿತು. ಲೆಕ್ಕ ತುಂಬಿಸಲು ರೋಮಿನ ಸಂಪ್ರದಾಯದವರು ಹಿಂದಿನ ಬುಧವಾರದಿಂದಲೇ ಆರಂಭಿಸಿದರು. ಹಣೆಗೆ ಬೂದಿಯಿಡುವ ವಿಭೂತಿ ಬುಧವಾರ ಅದೇ.

ಆಗಿನ ನಿಯಮ ಬಹು ಕಠಿನ. ಒಪ್ಪೊತ್ತು ಊಟ, ಅದೂ ಸಾಯಂಕಾಲದ ಪ್ರಾರ್ಥನೆ ಮುಗಿದ ಮೇಲೆ. ಮಾಂಸವಷ್ಟೇ ಅಲ್ಲ, ಬಹುಕಡೆ ಹಾಲು, ಬೆಣ್ಣೆ, ಮೊಟ್ಟೆಗಳೂ ವರ್ಜ್ಯ. ಪ್ರಾರ್ಥನೆಗೆ ಮುಂಚೆ ಉಂಡರೆ ವ್ರತಭಂಗವಷ್ಟೆ. ಪ್ರಾರ್ಥನೆಯನ್ನೇ ಮುಂಚಿತವಾಗಿ ಮಾಡಿಬಿಟ್ಟರೆ? ಹಾಗೆಯೇ ಆಯಿತು. ಊಟದ ಹೊತ್ತು ಮೊದಲು ಮೂರು ಗಂಟೆಗೂ, 14ನೆಯ ಶತಮಾನದ ವೇಳೆಗೆ ನಡುಹಗಲಿಗೂ ಸರಿಯಿತು. ಸಂಜೆಯ ಪ್ರಾರ್ಥನೆಯನ್ನು ಮಧ್ಯಾಹ್ನಕ್ಕೆ ಮುಂಚೆಯೇ ಹೇಳಿ ಮುಗಿಸುವ ಪದ್ಧತಿ 20ನೆಯ ಶತಮಾನದವರೆಗೂ ಉಳಿದಿತ್ತು!

ನಡುಹಗಲಲ್ಲಿ ಉಂಡವನಿಗೆ ರಾತ್ರಿ ಹಸಿವಾಗದೆ ಇರುವುದೇ? ಮಠಗಳಲ್ಲಿ ಸಂಜೆ ಕ್ಯಾಸಿಯನನ 'ಕೊಲಾಷಿಯೋನೆಸ್' ಎಂಬ ಗ್ರಂಥವನ್ನು ಓದುವ ರೂಢಿಯಿತ್ತು. ಆ ಸಮಯದಲ್ಲಿ ಪಾನೀಯ ಬಂದಿತು. ಪಾನೀಯದೊಡನೆ ರೊಟ್ಟಿಯ ಚೂರು ಬಂದಿತು. ಕೊನೆಗೆ ಗ್ರಂಥದ ಹೆಸರೇ ಆ ಲಘು ಆಹಾರಕ್ಕೆ ನಿಂತಿತು. ನಮ್ಮ ಏಕಾದಶಿಯ ಫಲಾಹಾರವು ಉಪ್ಪಿಟ್ಟಿನವರೆಗೆ ಬೆಳೆದುದನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು.

ಇಂತಹ ಜಾಣತನವನ್ನು ಕ್ಷಮಿಸಬಹುದು. ಅದು ಎಲ್ಲರಿಗೂ ಒಂದೇ ಸಮ. ಹಣ ತೆತ್ತವರಿಗೆ ವಿನಾಯಿತಿ ದೊರೆಯತೊಡಗಿದುದು ಬೇರೆಯ ಮಾತು. ಫ್ರಾನ್ಸಿನ ರೂಆನ್ ಪಟ್ಟಣದ ದೊಡ್ಡ ಇಗರ್ಜಿಯಲ್ಲಿ 'ಬೆಣ್ಣೆಯ ಗೋಪುರ'ವೆಂಬುದು ಇಂದಿಗೂ ಇದೆ. 15ನೆಯ ಶತಮಾನದ ಕೊನೆಯಲ್ಲಿ ಆರಂಭವಾದ ಆ ಕಟ್ಟಡಕ್ಕೆ, ವ್ರತಕಾಲದಲ್ಲಿ ಬೆಣ್ಣೆ ತಿನ್ನಲು ಅನುಮತಿ ಬೇಡಿದವರ ಕಾಣಿಕೆ ಒದಗಿತೆಂದು ಪ್ರತೀತಿ. ಆಲಿವ್ ಎಣ್ಣೆ ಬೆಳೆಯದ ಉತ್ತರದೇಶದಲ್ಲಿ ಬೆಣ್ಣೆ ಬಿಟ್ಟರೆ ಬಡವನ ಗತಿಯೇನು?

1522ರ ತಪಸ್ಸುಕಾಲದಲ್ಲಿ, ಜೂರಿಚ್ ನಗರದ ಮುದ್ರಕ ಫ್ರೋಷೌವರನ ಮನೆಯಲ್ಲಿ ಬಹಿರಂಗವಾಗಿಯೇ ಮಾಂಸದ ಸಾಸೇಜು ಬಡಿಸಿದರು. ಫ್ರಾಂಕ್‌ಫರ್ಟಿನ ಜಾತ್ರೆಗೆ ಪುಸ್ತಕ ಸಿದ್ಧಪಡಿಸಲು ಹಗಲಿರುಳು ದುಡಿಯುವವರಿಗೆ ಅಂಬಲಿ ಸಾಲದೆಂದು ಆತನ ಸಮಾಧಾನ. ಅಲ್ಲಿದ್ದ ಪಾದ್ರಿ ಜ್ವಿಂಗ್ಲಿ ತಾನು ತಿನ್ನಲಿಲ್ಲ. ಆದರೆ ಉಪವಾಸ ಅವರವರ ಇಚ್ಛೆಗೆ ಸೇರಿದುದೆಂದು ಬೋಧಿಸಿದನು. ಸ್ವಿಟ್ಜರ್ಲೆಂಡಿನ ಮತಸುಧಾರಣೆಗೆ ಇದೇ ನಾಂದಿಯಾಯಿತು. ಇಂಗ್ಲೆಂಡಿನ ಕಥೆ ಇನ್ನೂ ವಿಚಿತ್ರ: ಬೆಸ್ತರೂ ನಾವಿಕರೂ ಹೆಚ್ಚಲೆಂದು 1563ರ ಕಾನೂನು ಬುಧವಾರವನ್ನೂ ಮೀನಿನ ದಿನವಾಗಿಸಿ, ಇದು ಆತ್ಮೋದ್ಧಾರಕ್ಕೆ ಅಗತ್ಯವೆಂದು ಸಾರುವವರಿಗೆ ಶಿಕ್ಷೆಯನ್ನೂ ವಿಧಿಸಿತು.

ಪೂರ್ವದೇಶದ ಆರ್ಥೊಡಾಕ್ಸ್ ಸಭೆಗಳಲ್ಲಿ ಮಾಂಸ, ಹಾಲು, ಮೊಟ್ಟೆಗಳ ವರ್ಜನೆ ಈಗಲೂ ನಿಯಮವಾಗಿದೆ. ರೋಮನ್ ಕ್ಯಾಥೊಲಿಕರಿಗೆ 1966ರಲ್ಲಿ ಆರನೆಯ ಪಾಲ್ ಪೋಪರು ಕಡ್ಡಾಯದ ಉಪವಾಸವನ್ನು ವಿಭೂತಿ ಬುಧವಾರ, ಶುಭ ಶುಕ್ರವಾರಗಳಿಗೆ ಮಿತಗೊಳಿಸಿ, ಪ್ರಾರ್ಥನೆ ದಾನಗಳಿಗೆ ಪ್ರಾಧಾನ್ಯವಿತ್ತರು. ಆ ಎರಡು ದಿನಗಳಲ್ಲಿಯೂ ಒಂದು ಪೂರ್ಣ ಊಟವಲ್ಲದೆ, ಬೆಳಿಗ್ಗೆ ಸಂಜೆ ಸ್ವಲ್ಪ ಆಹಾರಕ್ಕೆ ಅವಕಾಶವುಂಟು.