ವಿಮಾನದ ಭಯವನ್ನು ಪಳಗಿಸುವ ಬಗೆ



ವೇಳಾಂಕಣಿಗೆ ರಾತ್ರಿಯಿಡೀ ಬಸ್ಸಿನಲ್ಲಿ ಹೋಗಿಬರುವ, ದಿಂಬಂ ಘಾಟಿಯ 27 ತಿರುವುಗಳನ್ನು ತೂಕಡಿಸುತ್ತಲೇ ಇಳಿಯುವ ಹಿರಿಯರೂ ಹೊರದೇಶದ ಮಗಳು ಬಾಣಂತನಕ್ಕೆ ಕರೆದಾಗ ಹಿಂಜರಿಯುವುದುಂಟು. ಊರು ನೋಡುವ ಆಸೆಯಿದೆ. ವಿಮಾನವೆಂದರೆ ಎದೆ ಹೊಡೆದುಕೊಳ್ಳುತ್ತದೆ. ಇದು ನಾಚಿಕೆಪಡುವ ವಿಷಯವಲ್ಲ.

2010ರ ಮೇ 22ರಂದು ಮಂಗಳೂರಿನ ವಿಮಾನ ದುರಂತದಲ್ಲಿ 158 ಮಂದಿ ತೀರಿಕೊಂಡರು. 2025ರ ಜೂನ್ 12ರ ಅಹಮದಾಬಾದಿನ ದುರಂತವೂ ನಮ್ಮ ಕಣ್ಣಮುಂದಿದೆ. ಆದರೆ 2022ರ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಪ್ರಯಾಣದ ದೂರವನ್ನು ಲೆಕ್ಕಹಾಕಿದರೂ ರಸ್ತೆಗಿಂತ ವಿಮಾನವೇ ಎಷ್ಟೋ ಸುರಕ್ಷಿತ.

ಏಕೆ ಹೀಗಾಗುತ್ತದೆಂದು ತಿಳಿದರೆ ಅರ್ಧ ಭಯ ಇಳಿಯುತ್ತದೆ. ಮೇಲೇರಿದ ಕೂಡಲೇ 'ಧಡ್' ಎನ್ನುವುದು ಚಕ್ರಗಳು ಒಳಸೇರುವ ಸದ್ದು. ಕುಲುಕಾಟವು ಗಾಳಿಯ ಏರಿಳಿತದಿಂದ, ಹಳ್ಳದ ದಾರಿಯಲ್ಲಿ ಎತ್ತಿನಗಾಡಿ ಅಲುಗಾಡಿದಂತೆ. ಬೆಲ್ಟು ಕಟ್ಟಿಯೇ ಕುಳಿತಿರಬೇಕು. ಕಿವಿ ಕಟ್ಟುವುದು ದಿಂಬಂ ಇಳಿಯುವಾಗಿನಂತೆಯೇ. ಉಗುಳು ನುಂಗಿದರೆ, ಪೆಪ್ಪರಮಿಂಟು ಚೀಪಿದರೆ ಬಿಡುತ್ತದೆ. ವಿಮಾನದೊಳಗಿನ ಗಾಳಿಯ ಒತ್ತಡ ಹೆಚ್ಚುಕಡಿಮೆ ಊಟಿಯಲ್ಲಿರುವಷ್ಟು.

ಹೊಸ ಹೋರಿಯನ್ನು ಮೊದಲ ದಿನವೇ ತುಂಬಿದ ಗಾಡಿಗೆ ಕಟ್ಟುತ್ತೇವೆಯೇ? ಮೊದಲು ಬರೀ ನೊಗ, ಆಮೇಲೆ ಕೊರಡು, ನಂತರ ಬರಿಗಾಡಿ. ಮನಸ್ಸನ್ನೂ ಹಾಗೆಯೇ ಪಳಗಿಸಬೇಕು. ವಿಮಾನ ಏರಿಳಿಯುವುದನ್ನು ಮೊಬೈಲಿನಲ್ಲಿ ಹಲವು ಸಲ ನೋಡಿ. ಯಾರನ್ನಾದರೂ ಕಳುಹಿಸಲು ಕೊಯಮತ್ತೂರು ವಿಮಾನ ನಿಲ್ದಾಣಕ್ಕೆ ಹೋಗಿಬನ್ನಿ. ಅನುಕೂಲವಿದ್ದರೆ ಮನೆಯವರ ಜೊತೆ ಒಂದು ಗಂಟೆಯ ಪ್ರಯಾಣ ಮಾಡಿ. ದೂರದ್ದು ಕೊನೆಗೆ. ಹೆದರಿ ಟಿಕೇಟು ರದ್ದು ಮಾಡಿದಾಗ ಹಾಯೆನಿಸುತ್ತದೆ, ನಿಜ. ಆದರೆ ಓಡಿದ್ದರಿಂದಲೇ ಉಳಿದೆನೆಂದು ಮನಸ್ಸು ಕಲಿಯುತ್ತದೆ. ಮುಂದಿನ ಸಲ ಭಯ ಇನ್ನಷ್ಟು ಬಲಿಯುತ್ತದೆ.

ಗಮನಿಸಬೇಕಾದ ಅಂಶಗಳು:

1. ಎದೆ ಹೊಡೆದುಕೊಂಡಾಗ ನಾಲ್ಕು ಎಣಿಸುತ್ತಾ ಉಸಿರೆಳೆದು, ಆರು ಎಣಿಸುತ್ತಾ ಬಿಡಿ. ಭಯದ ಅಲೆ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿಮುಟ್ಟಿ ತಾನಾಗಿ ಇಳಿಯುತ್ತದೆ.
2. ರೆಕ್ಕೆಯ ಬಳಿಯ ಸೀಟು ಕೇಳಿ. ಅಲ್ಲಿ ಕುಲುಕಾಟ ಕಡಿಮೆ. ಹೆದರಿಕೆಯಿದೆಯೆಂದು ಪರಿಚಾರಕಿಗೆ ಹೇಳಿ.
3. ಹೊರಡುವ ಮುನ್ನ ಹೆಚ್ಚು ಕಾಫಿ ಬೇಡ. ಧೈರ್ಯಕ್ಕೆಂದು ಮದ್ಯ ಬೇಡವೇ ಬೇಡ. ಇನ್ನೊಬ್ಬರ ನಿದ್ದೆ ಮಾತ್ರೆ ನುಂಗಬೇಡಿ.
4. ಸಕ್ಕರೆ ಕಾಯಿಲೆ, ಬಿ.ಪಿ. ಮಾತ್ರೆಗಳು ಕೈಚೀಲದಲ್ಲಿರಲಿ. ಹೃದ್ರೋಗವಿದ್ದವರು ಮೊದಲೇ ವೈದ್ಯರನ್ನು ಕೇಳಿರಿ.

ಇಷ್ಟಾದರೂ ಭಯ ತಗ್ಗದಿದ್ದರೆ ಮನೋವೈದ್ಯರನ್ನು ಕಾಣಿರಿ. ಇದಕ್ಕೆ ಒಳ್ಳೆಯ ಚಿಕಿತ್ಸೆಯಿದೆ. ಭಯ ಪೂರ್ತಿ ಹೋಗಲಿ, ಆಮೇಲೆ ಹೊರಡೋಣವೆಂದು ಕಾಯಬೇಡಿ. ಸ್ವಲ್ಪ ಭಯವಿದ್ದರೂ ಹೊರಡಬಹುದು. ಮೊಮ್ಮಗುವನ್ನು ಎತ್ತಿ ಆಡಿಸುವ ವಯಸ್ಸು ಬೇಗ ಕಳೆಯುತ್ತದೆ.